ಮಗಳ ಬಾಯಿಗೆ ಒಂದು ‘ಸಾಕು’

ನಮ್ಮ ಮನ್ಯಾಗ ಅಳಾಕ ಕುಂತಾಗೇ ನಗು ಬರೂವಂಥಾ ಪ್ರಸಂಗ ಆಗ್ತಾವ, ನಾ ಏನ್ ಮಾಡ್ಲಿ. ನನ್ನ ಮಗಳಿಗೆ ಒಂಬತ್ತು ವರ್ಷ. ಹುಟ್ಟಿದಾಗಿಂದ ಮಾತಿಲ್ಲ, ಕೈ ಸ್ವಾಧೀನದಾಗಿಲ್ಲ. ಎಡಗಾಲಿನ ಹೆಬ್ಬೆರಳು ಒಂದೇ ಅಕಿ ಹೇಳಿದಂಗ ಕೇಳ್ತದ. ಬುದ್ಧಿ ಮಾತ್ರ ಭಾಳ ಚುರುಕು. ಅಕಿಗೆ ಉಣಿಸೂದು ನಮ್ಮತ್ತಿ. ಹೊಟ್ಟಿ ತುಂಬಿದ ಮ್ಯಾಲೂ ಇನ್ನೊಂದು ತುತ್ತು, ಇನ್ನೊಂದು ತುತ್ತು ಅಂತ ತುರುಕ್ತಾರ. ಕೂಸಿನ ಕಣ್ಣಾಗ ನೀರು ಬಂದ್ರೂ ಬಿಡಂಗಿಲ್ಲ. ಅಕಿಗೆ ‘ಸಾಕು’ ಅನ್ನಾಕ ಬರಬೇಕು, ನನ್ನ ಆಸೆ ಅಷ್ಟೇ.

೧. ಜಹೀರಾಬಾದಿನ ಅಂಗಡಿ

ಕಂಪ್ಯೂಟರ್ ಅಂಗಡಿಯವಗ ಎಲ್ಲಾ ಬಿಡಿಸಿ ಹೇಳಿದೆ. ಭಾಳ ಮರುಗಿದ. ಕುಡ್ಯಾಕ ನೀರು ಕೊಟ್ಟ, ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಮನಿಗೆ ಬಂದು ತೆಗೆದ್ರ ಅದು ಟೈಪಿಂಗ್ ಕಲಿಸೂದು, ಹತ್ತೂ ಬೆರಳಿಲೆ. ಮಗಳ ಮುಷ್ಟಿ ಬಿಡಿಸಾಕ ನನಗೇ ಆಗೂದಿಲ್ಲ. ಬೈಯಾಕಂತ ಫೋನ್ ಮಾಡಿದೆ.

“ಫಿಕರ್ ಮಾಡಬ್ಯಾಡ್ರಿ ಅಕ್ಕಾ, ಇದು ಕಲಿತ್ರ ನೌಕರಿ ಪಕ್ಕಾ” ಅಂದ.

೨. ತಾಂಡೂರಿನ ಮೈದುನ

ನಮ್ಮ ಮೈದುನ ತಾಂಡೂರಿನ ಸಾಲ್ಯಾಗ ಕಂಪ್ಯೂಟರ್ ಕಲಿಸ್ತಾನ. ಅಂವ ಹುಡುಕಿ ಹುಡುಕಿ ಟ್ಯಾಬಿನ್ಯಾಗ ಒಂದು ಆ್ಯಪ್ ಹಾಕಿಕೊಟ್ಟ. ಚಿತ್ರ ಒತ್ತಿದ್ರ ಮಾತು ಬರ್ತದ. ಮಾತಾಡೂದು ಮಾತ್ರ ಒಬ್ಬ ಇಂಗ್ಲಿಷಿನಾಕಿ. ಮಗಳು ಹೆಬ್ಬೆರಳು ಇಟ್ಲು. ಅಡಿಗಿಮನ್ಯಾಗಿದ್ದ ಅತ್ತಿ ಆ ದನಿ ಕೇಳಿ, ಯಾರೋ ಮೇಡಂ ಬಂದಾರಂತ ತಲಿ ಮ್ಯಾಲ ಸೆರಗು ಹೊದ್ದು ಚಾ ತಂದ್ರು. ನೋಡಿದ್ರ ಯಾರೂ ಇಲ್ಲ. ಮಗಳು ಮೊದಲ ಸಲ ಮಾತಾಡಿದ್ದು ಮನಿಯವರಿಗೇ ಪರದೇಶದಾಕಿ ಬಂದಂಗ ಆತಲ್ಲ ಅಂತ ಅವತ್ತು ಭಾಳ ಅತ್ತೆ. ಚಾ ಯಾಕ ಹಾಳಾಗ್ಬೇಕಂತ ಅಳಕೋತ ಕುಡಿದೆ.

೩. ನಾರಾಯಣಖೇಡ, ನಮ್ಮ ಮನಿ

ಅದರಾಗ ನಮ್ಮ ದನಿನೂ ತುಂಬಬಹುದು ಅಂತ ಮೈದುನ ಆಮ್ಯಾಲ ತೋರಿಸಿದ. ನೀರು, ನೋಯ್ತದ, ಸಾಕು ಅಂತ ನಾನೇ ಹೇಳಿ ತುಂಬಿಸಿದೆ. ಟ್ಯಾಬು ನೆಲದ ಮ್ಯಾಲ, ಮಗಳ ಕಾಲ ಹತ್ರ ಇಟ್ಟೆ. ವಿದ್ಯಾ ಕಲಿಸೂದಕ್ಕ ಕಾಲು ಹತ್ತಬಾರದಂತ, ಅಕಿ ಹೆಬ್ಬೆರಳು ಇಟ್ಟಾಗೊಮ್ಮೆ ಅತ್ತಿ ಅದಕ್ಕ ಕೈ ಮುಗೀತಿದ್ರು.

ಮೊನ್ನೆ ಉಣಿಸಾಗ ಅತ್ತಿಗೆ ನನ್ನ ದನಿ ಕೇಳಿತು, “ಸಾಕು” ಅಂತ. ನಾ ಹಿಂದೇ ಕುಂತಿದ್ದೆ.

“ನಿನಗ್ಯಾಕ? ಉಣ್ಣೂದು ಕೂಸಲ್ಲೇನ?” ಅಂದ್ರು.

ನಾ ಬಾಯೇ ತೆಗೆದಿಲ್ಲರಿ, ಅಂದೆ. ಮತ್ತೊಮ್ಮೆ “ಸಾಕು” ಅಂತು. ಈ ಸಲ ಅತ್ತಿ ಹೆಬ್ಬೆರಳು ನೋಡಿದ್ರು. ತುತ್ತು ಕೈಯಾಗೇ ನಿಂತಿತು.

“ನನ್ನ ಕೈತುತ್ತು ಸಾಕಾತೇನ ನಿನಗ? ಸೊಕ್ಕು ನೋಡು ಇದರದು” ಅಂತ ಬೈಯಾಕ ಹತ್ತಿದ್ರು. ಇಷ್ಟು ವರ್ಷ ನನ್ನ ಮಗಳಿಗೆ ಎಲ್ಲಾರೂ ಪಾಪ ಅಂದವರೇ. ಅಕಿ ಜೋಡಿ ಜಗಳಕ್ಕ ನಿಂತವರು ಅತ್ತಿನೇ ಮೊದಲು. ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ, ಎರಡೂ ಮಾಡಿದೆ.

ಬೈಗುಳ ಮುಗೀವಲ್ದು. ಮಗಳು ಅತ್ತಿ ಮಾರಿ ನೋಡಿದ್ಲು, ಮತ್ತ ಹೆಬ್ಬೆರಳು ಇಟ್ಲು.

“ಸಾಕು.”

ಅತ್ತಿ ಕೈಯಾಗಿನ ತುತ್ತು ತಾಟಿಗೆ ಇಟ್ರು. ಆಮ್ಯಾಲ ರೂಢಿ ಬಿಡಲಾರದ, ಅನ್ನ ಹತ್ತಿದ ಕೈಲೇ ಟ್ಯಾಬಿಗೆ ಕೈ ಮುಗಿದ್ರು.