ಜ್ಯೋತಿಗೊಂದು ಫುಟ್‌ಸಾಲ್

ಆ ಭಾನುವಾರ ಬೆಳಿಗ್ಗೆ ಜ್ಯೋತಿ ಒದ್ದ ಚೆಂಡು ಪಕ್ಕದ ಮನೆಯ ನಾಗಲಿಂಗಪ್ಪನ ಕನ್ನಡಿಗೆ ಬಡಿಯದೆ ಹೋಗಿದ್ದರೆ ಮೌನೇಶ ಹಾಯಾಗಿ ಉಪ್ಪಿಟ್ಟು ತಿಂದು ಮಲಗುತ್ತಿದ್ದ. ಆದರೆ ಚೆಂಡು ಬಡಿಯಿತು. ಕಟ್ಟೆಯ ಮೇಲೆ ಕೂತು ಗಡ್ಡ ಮಾಡಿಕೊಳ್ಳುತ್ತಿದ್ದ ನಾಗಲಿಂಗಪ್ಪ, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಗೆ ನೊರೆ, ಕಂಕುಳಲ್ಲಿ ಚೆಂಡು ಇಟ್ಟುಕೊಂಡು ಮೌನೇಶನ ಮನೆಬಾಗಿಲಿಗೆ ಬಂದು ನಿಂತ.

ಬಂಗೂರನಗರದ ಆ ಸಾಲಿನಲ್ಲಿ ಇಬ್ಬರೂ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದವರು. ಪೇಪರ್ ಮಿಲ್ಲಿನಲ್ಲೂ ಒಂದೇ ಪ್ಯಾಕಿಂಗ್ ವಿಭಾಗ. ನಾಗಲಿಂಗಪ್ಪನಿಗೂ ಇಬ್ಬರು ಮಕ್ಕಳು. ಮೌನೇಶ ಕೈಮುಗಿದು, ಹೊಸ ಕನ್ನಡಿ ತಂದುಕೊಡುವುದಾಗಿ ಹೇಳಿ, ಮಗಳಿಗೆ ಎಷ್ಟು ಹೇಳಿದರೂ ಅವಳ ಕಾಲು ಕೇಳುವುದಿಲ್ಲ ಎಂದು ಅಲವತ್ತುಕೊಂಡ. ಶಾಲೆಯ ಆಟದ ಮಾಸ್ತರರು ಹಿಂದಿನ ದಿನವಷ್ಟೇ ಅದನ್ನೇ ಹೇಳಿದ್ದರು ಎಂದೂ ವಿವರಿಸಿದ. ಹುಡುಗಿಯ ಕಾಲಿನಲ್ಲಿ ಬಲ ಉಂಟು, ಲಗಾಮು ಇಲ್ಲ. ಫುಟ್‌ಸಾಲ್‌ಗೆ ಹಾಕಿರಿ: ಸಣ್ಣ ಅಂಗಳ, ಗಟ್ಟಿ ನೆಲ, ಒಂದು ಕಡೆಗೆ ಐದೇ ಜನ, ಹೆಚ್ಚು ಪುಟಿಯದ ಚೆಂಡು. ಅಲ್ಲಿ ಪಳಗಿದರೆ ದೊಡ್ಡ ಮೈದಾನದಲ್ಲಿ ಅವಳನ್ನು ಹಿಡಿಯುವವರಿಲ್ಲ.

ಇದನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡ ಮೌನೇಶನ ತಾಯಿ ಸತ್ತೆವ್ವನಿಗೆ ಫುಟ್‌ಸಾಲ್ ಎಂಬುದು 'ಫುಟ್‌ಸಾಲಿ', ಅಂದರೆ ಕಾಲಿನ ಶಾಲೆ, ಎಂದು ಕೇಳಿಸಿತು.

"ತಲಿಗೆ ಅಂತ ಒಂದು ಸಾಲಿಗೆ ಹಾಕೀರಿ, ಅಲ್ಲೇ ಏನೂ ಹತ್ತವಲ್ದು. ಈಗ ಕಾಲಿಗೆ ಬ್ಯಾರೆ ಸಾಲಿ ಏನು?" ಎಂದಳು.

ನಾಗಲಿಂಗಪ್ಪನಿಗೆ ಸಿಟ್ಟು ಇತ್ತು ನಿಜ. ಆದರೆ ಸಿಟ್ಟಿಗಿಂತ ದೊಡ್ಡದೊಂದು ಚಟ ಅವನಿಗಿತ್ತು, ಸಲಹೆ ಕೊಡುವುದು. ಎಲ್ಲಿ ಹಾಕುತ್ತೀ ಎಂದು ಕೇಳಿದ. ಮೌನೇಶನ ಹೆಂಡತಿ ಮಧುಮತಿ ಚಹಾ ತಂದಿಡುತ್ತ, ಹಾಲಿನ ಡೇರಿ ದಾಟಿದರೆ ಸಿಗುವ ನಗರದ ಒಳಾಂಗಣ ಕ್ರೀಡಾಂಗಣದಲ್ಲಿಯೇ ಅಜಯ ಎಂಬ ಹುಡುಗ ಹೊಸದಾಗಿ ಶುರುಮಾಡುತ್ತಿದ್ದಾನೆ, ಇವತ್ತೇ ಹೆಸರು ಬರೆಸಬೇಕು, ನಾಳೆಯಿಂದ ಕಲಿಕೆ ಎಂದಳು. ನಾಗಲಿಂಗಪ್ಪ ನೊರೆಯ ಕೆನ್ನೆಯನ್ನು ಒಂದು ಕಡೆ ಓರೆ ಮಾಡಿದ.

"ಹಿತ್ತಲ ಗಿಡ ಮದ್ದಲ್ಲವಾ ತಂಗಿ. ಹಳಿಯಾಳದಾಗೂ ಒಂದು ನಡದೈತಿ. ಎರಡೂ ನೋಡದ ಹೆಂಗ ಆರಸ್ತೀರಿ? ನಡಿ ಮೌನೇಶಾ, ನಾನೂ ಬರ್ತೇನಿ."

ಮೌನೇಶನಿಗೂ ಒಳಗೊಳಗೇ ಅದೇ ಬೇಕಾಗಿತ್ತು. ಮಾಸ್ತರರು ಹೇಳಿದ ಗಳಿಗೆಯಿಂದ ಫೋನಿನಲ್ಲಿ ಫುಟ್‌ಸಾಲಿನ ವಿಡಿಯೋಗಳನ್ನೇ ನೋಡಿ ಅವನ ಕಣ್ಣು ಕೆಂಡವಾಗಿತ್ತು. ಚೆಂಡನ್ನು ಅಂಗಾಲಿನಿಂದ ಹೇಗೆ ಅದುಮಬೇಕು, ಬೂಟಿನ ತಳ ಯಾಕೆ ಚಪ್ಪಟೆ ಇರಬೇಕು, ಒಬ್ಬ ಕೋಚಿನ ಕೈಯಲ್ಲಿ ಎಷ್ಟು ಮಕ್ಕಳಿರಬೇಕು, ಎಲ್ಲ ಬಾಯಿಪಾಠ. ಹುಟ್ಟಿದಾಗಿನಿಂದ ಅವನು ಒದ್ದದ್ದೆಂದರೆ ಸ್ಟಾರ್ಟ್ ಆಗದ ಬೈಕಿನ ಕಿಕ್ಕರ್ ಒಂದನ್ನೇ. ಆದರೂ ಆ ಬೆಳಿಗ್ಗೆ ಅವನಿಗೆ ತಾನೇ ಆಡಲು ಹೊರಟಷ್ಟು ಹುರುಪು. ಮುಂದೆ ಜ್ಯೋತಿ, ನಡುವೆ ತಾನು, ಹಿಂದೆ ಅರ್ಧ ಗಡ್ಡದ ನಾಗಲಿಂಗಪ್ಪ, ಮೂವರೂ ಬೈಕ್ ಹತ್ತಿದರು.

ಒಳಾಂಗಣದಲ್ಲಿ ಮದುವೆಮನೆಯ ಗದ್ದಲ. ಮೂವತ್ತಕ್ಕೂ ಹೆಚ್ಚು ಮಕ್ಕಳು, ಅವರ ಅಪ್ಪ ಅಮ್ಮಂದಿರು. ಅಜಯ ಬಡಕಲು ಹುಡುಗ, ಮಾತು ಮೆತ್ತಗೆ. ಬಂದವರಿಗೆಲ್ಲ ಹೂಂ ಎನ್ನುತ್ತಿದ್ದ. ಜ್ಯೋತಿ ಅಪ್ಪನ ಅಂಗಿ ಜಗ್ಗಿ, ಸುಮ್ಮನೆ ಹೆಸರು ಬರೆಸು, ಸಾಕು ಎಂದಳು. ಮೌನೇಶನಿಗೆ ಅದು ಕೇಳಿಸಲಿಲ್ಲ. ಅವನು ಆಗಲೇ ಪ್ರಶ್ನೆ ಕೇಳಲು ಶುರುಮಾಡಿದ್ದ.

ಮೊದಲು ಚೆಂಡು ಯಾವುದು ಎಂದ. ಅಜಯ ಒಂದನ್ನು ಮೇಲಿಂದ ಬಿಟ್ಟು ತೋರಿಸಿದ. ಅದು ಸೋಮಾರಿ ಎಮ್ಮೆಯ ಹಾಗೆ ನೆಲಕ್ಕೆ ಬಿದ್ದು ಅಲ್ಲೇ ಕೂತಿತು. ಮೌನೇಶ ತಲೆದೂಗಿದ. ನಂತರ ನೆಲ, ಬೂಟು, ನೀರು, ಪೆಟ್ಟಾದರೆ ಔಷಧದ ಪೆಟ್ಟಿಗೆ. ಒಂದೊಂದು ಪ್ರಶ್ನೆಗೂ ಸುತ್ತ ನಿಂತ ಪಾಲಕರ ಸಂಖ್ಯೆ ಹೆಚ್ಚಿತು. ನಮಗೆ ಇದು ಹೊಳೆಯಲೇ ಇಲ್ಲವಲ್ಲ ಎಂದು ಅವರವರೇ ಮಾತಾಡಿಕೊಂಡರು. ಈ ಸಾಹೇಬರು ಯಾರು ಎಂದು ಒಬ್ಬ ಕೇಳಿದ.

ನಾಗಲಿಂಗಪ್ಪ ಗಂಟಲು ಸರಿಮಾಡಿಕೊಂಡ. "ಗೋವಾದಾಗ ಆಡಿ ಬಂದಾಂವ ಇಂವ."

ಮೌನೇಶ ಗೋವಾಕ್ಕೆ ಹೋಗಿದ್ದು ಒಂದೇ ಸಲ, ಮಿಲ್ಲಿನ ಗೆಳೆಯರ ಜೊತೆ. ಅಲ್ಲಿ ಅವನು ಆಡಿದ್ದು ಇಸ್ಪೀಟು. ಅಲ್ಲವೆನ್ನಬೇಕೆಂದು ಬಾಯಿ ತೆರೆದ. ಆದರೆ ಅಷ್ಟೂ ಕಣ್ಣುಗಳು ಮೆಚ್ಚಿಕೆಯಿಂದ ತನ್ನನ್ನೇ ನೋಡುತ್ತಿದ್ದವು. ತೆರೆದ ಬಾಯಿಂದ ಬೇರೆ ಮಾತೇ ಬಂತು.

"ಇಷ್ಟು ಮಂದಿ ಹುಡುಗರನ್ನ ಒಬ್ರೇ ನೋಡ್ತೀರಂದ್ರ, ಒಂದು ತಾಸಿನಾಗ ಒಬ್ಬೊಬ್ಬರ ಕಾಲಿಗೆ ಚೆಂಡು ಎಷ್ಟು ಸಲ ಹತ್ತೀತು? ಅದು ಫುಟ್‌ಸಾಲ್ ಅಲ್ಲ ಸರ್, ಬಸ್‌ಸ್ಟ್ಯಾಂಡ್. ಹನ್ನೆರಡು ಮಂದಿ. ಅದರ ಮ್ಯಾಲ ಒಬ್ರೂ ಬ್ಯಾಡ."

ಪಾಲಕರು ಚಪ್ಪಾಳೆ ತಟ್ಟಿದರು. ಅಜಯ ನಾಚಿ, ಇಂಥ ತಿಳಿದವರು ಊರಲ್ಲೇ ಇರುವುದು ತನ್ನ ಪುಣ್ಯ, ಹಾಗೇ ಆಗಲಿ, ಹನ್ನೆರಡೇ ಮಕ್ಕಳು ಎಂದು ಎಲ್ಲರೆದುರು ಒಪ್ಪಿಕೊಂಡ. ಇಷ್ಟು ಎತ್ತರಕ್ಕೆ ಏರಿದ ಮೇಲೆ ತಟ್ಟನೆ ಇಳಿದು ಹೆಸರು ಬರೆಸುವುದು ಮೌನೇಶನಿಗೆ ಸರಿಕಾಣಲಿಲ್ಲ. ಹಳಿಯಾಳದ್ದನ್ನೂ ನೋಡಿ ಬರುತ್ತೇನೆ ಎಂದು ಗಂಭೀರವಾಗಿ ಹೇಳಿ ಹೊರಬಿದ್ದ.

ಹಳಿಯಾಳದ ಕೋಚ್ ತುಳಸಿರಾಮ ಬೇರೆಯೇ ಜಾತಿಯ ಮನುಷ್ಯ. ಶಾಲೆಯೊಂದರ ಹಿಂದಿನ ಸಿಮೆಂಟ್ ಅಂಗಳ, ಸುತ್ತ ಕಬ್ಬಿಣದ ಜಾಳಿಗೆ, ಒಂದು ಗೇಟು. ಒಳಗೆ ಕೆಲವೇ ಮಕ್ಕಳು, ಅವರಲ್ಲಿ ಅರ್ಧ ಹುಡುಗಿಯರು, ಚೆಂಡು ಕಾಲಿಂದ ಕಾಲಿಗೆ ನೂಲು ಸುತ್ತಿದ ಹಾಗೆ ಓಡುತ್ತಿತ್ತು. ಮೌನೇಶ ಮೊದಲ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ತುಳಸಿರಾಮ ಗೇಟು ತೆರೆದ.

"ಹುಡುಗಿನ ಒಳಗ ಬಿಡ್ರಿ. ನೀವು ಹೊರಗ ನಿಲ್ರಿ," ಎಂದು ಚಿಲಕ ಹಾಕಿಕೊಂಡ.

ಜ್ಯೋತಿ ಒಳಗೆ ಹೋದವಳು ಮೊದಲು ಎರಡು ಸಲ ಚೆಂಡನ್ನು ಜಾಳಿಗೆಗೆ ಬಡಿದಳು. ತುಳಸಿರಾಮ ಬೈಯಲಿಲ್ಲ. ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ. ಮುಂದಿನ ಸಲ ಚೆಂಡು ಬಂದಾಗ ಅವಳು ಒದೆಯಲಿಲ್ಲ. ಅಂಗಾಲಿನಿಂದ ತಡೆದು, ಎಳೆದು, ಎದುರಿನ ಹುಡುಗನ ಎರಡು ಕಾಲುಗಳ ನಡುವೆ ದಾಟಿಸಿ, ಆಚೆ ಹೋಗಿ ತಾನೇ ಹಿಡಿದಳು. ಮೌನೇಶನ ಮೈಯೆಲ್ಲ ಜುಮ್ಮೆಂದಿತು. ಜಾಳಿಗೆಗೆ ಎರಡೂ ಕೈಯಿಂದ ಜೋತುಬಿದ್ದು, ಎಡಕ್ಕೆ ಕೊಡು, ಬಲಕ್ಕೆ ತಿರುಗು, ಈಗ ಹೊಡಿ ಎಂದು ಕೂಗತೊಡಗಿದ. ಪಕ್ಕದಲ್ಲಿ ನಾಗಲಿಂಗಪ್ಪ ಅದೇ ಹೊತ್ತಿಗೆ ಬಲಕ್ಕೆ ಕೊಡು, ಎಡಕ್ಕೆ ತಿರುಗು ಎಂದು ಕೂಗುತ್ತಿದ್ದ. ಜ್ಯೋತಿ ತಬ್ಬಿಬ್ಬಾಗಿ, ಹಳೆಯ ರೂಢಿಯಂತೆ ಒಂದೇ ಒದೆ ಒದ್ದಳು. ಚೆಂಡು ಜಾಳಿಗೆ ದಾಟಿ ಅವರ ಮುಂದೆಯೇ ಬಿತ್ತು.

ಸುತ್ತ ನಾಲ್ಕು ಜನ ನೋಡುತ್ತಿದ್ದರು. ಮೌನೇಶ ವಿಡಿಯೋದಲ್ಲಿ ಕಂಡ ಹಾಗೆ ಠೀವಿಯಿಂದ ಅಂಗಾಲು ಎತ್ತಿ ಚೆಂಡಿನ ಮೇಲಿಟ್ಟ. ಕಾಲಲ್ಲಿದ್ದದ್ದು ರಬ್ಬರ್ ಚಪ್ಪಲಿ. ಚೆಂಡು ಹಿಂದೆ ಹೋಯಿತು, ಚಪ್ಪಲಿ ಮುಂದೆ ಹೋಯಿತು, ಮೌನೇಶ ಇದ್ದಲ್ಲೇ ಕೂತ. ಒಳಗಿನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ತುಳಸಿರಾಮ ಬಂದು ಅವನನ್ನು ಎಬ್ಬಿಸಿ, ಧೂಳು ಕೊಡವಿ, ಪಕ್ಕದ ಗಾಡಿಯಲ್ಲಿ ಚಹಾ ಚಲೋ ಸಿಗುತ್ತದೆ, ಆಟ ಮುಗಿಯುವ ತನಕ ಅಲ್ಲಿ ಕೂತಿರಿ ಎಂದು ವಿನಯವಾಗಿ ಹೇಳಿದ. ಗೋವಾದಲ್ಲಿ ಆಡಿ ಬಂದವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ?

ಚಹಾದ ಗಾಡಿಯಲ್ಲಿ ಕೂತು ಮೌನೇಶ ತೀರ್ಮಾನ ಮಾಡಿದ. ತಂದೆಯನ್ನು ಗೇಟಿನ ಹೊರಗೆ ನಿಲ್ಲಿಸುವವನು ಎಂಥ ಕೋಚ್? ಅಜಯನದೇ ಸರಿ. ನಾಗಲಿಂಗಪ್ಪ ಹೂಂ ಹೂಂ ಎನ್ನುತ್ತ ಫೋನ್ ಹಿಡಿದು ಸ್ವಲ್ಪ ದೂರ ಹೋಗಿ ಹೆಂಡತಿಯೊಡನೆ ಪಿಸುಮಾತಾಡಿ ಬಂದ. ಜ್ಯೋತಿ ಬೆವರಿ, ಮುಖ ಅರಳಿಸಿಕೊಂಡು ಬಂದು, ಆ ಸರ್ ಚಲೋ ಇದ್ದಾರೆ ಎಂದಳು. ಮೌನೇಶ, ನಿನಗೇನು ತಿಳಿಯುತ್ತದೆ, ನಾನು ಎಲ್ಲ ನೋಡಿದ್ದೇನೆ ಎಂದ. ಮನೆ ಮುಟ್ಟಿ ಬೈಕಿನಿಂದ ಇಳಿದವಳೇ ಜ್ಯೋತಿ ಸೀದಾ ಅಡಿಗೆಮನೆಗೆ ಅವ್ವನ ಹತ್ತಿರ ಹೋದಳು.

ಮೌನೇಶ ಊಟವನ್ನೂ ಮಾಡದೆ ಒಳಾಂಗಣಕ್ಕೆ ಓಡಿದ. ಅಜಯ ಎದ್ದು ನಿಂತು ನಮಸ್ಕಾರ ಮಾಡಿದ. ಹೆಸರು ಬರೆದುಕೊಳ್ಳಿ ಎಂದಾಗ ಮಾತ್ರ ಅವನ ಮುಖ ಬಾಡಿತು. ಹನ್ನೆರಡೂ ತುಂಬಿದ್ದವು. ಮೌನೇಶ ಆ ಕಡೆ ಹೋಗುತ್ತಲೇ ಪಾಲಕರು ಮುಗಿಬಿದ್ದು ಬರೆಸಿದ್ದರಂತೆ. ಕೊನೆಯ ಎರಡು ಹೆಸರು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಅವಸರವಾಗಿ ಬಂದು ಬರೆಸಿದ್ದು, ಅವು ನಾಗಲಿಂಗಪ್ಪನ ಮಕ್ಕಳವು.

ಮೌನೇಶ ತಿರುಗಿ ನೋಡಿದ. ನಾಗಲಿಂಗಪ್ಪ ಅಲ್ಲೇ ಬಾಗಿಲಲ್ಲಿದ್ದ.

"ನೀನ ಇದ ಚಲೋ ಅಂದಿ. ನಿನ್ನ ಮಾತಿನ ಮ್ಯಾಲ ವಿಶ್ವಾಸ ನನಗ," ಎಂದ.

ಒಬ್ಬಳನ್ನು ಹೆಚ್ಚಿಗೆ ಸೇರಿಸಿಕೊಳ್ಳಿ ಎಂದು ಮೌನೇಶ ಅಂಗಲಾಚಿದ. ಅಜಯ ಒಪ್ಪುತ್ತಿದ್ದನೋ ಏನೋ, ಪಾಲಕರು ಬಿಡಲಿಲ್ಲ. ಅದು ಬಸ್‌ಸ್ಟ್ಯಾಂಡ್ ಆದೀತು ಎಂದು ಅವನ ಮಾತನ್ನು ಅವನಿಗೇ ಒಪ್ಪಿಸಿದರು. ಹಾಗಾದರೆ ಇನ್ನೊಂದು ತಂಡ ಮಾಡಿ ಎಂದ ಮೌನೇಶ. ಅದಕ್ಕೆ ಇನ್ನೊಬ್ಬ ಕೋಚ್ ಬೇಕಲ್ಲ ಎಂದ ಅಜಯ. ಎಲ್ಲರ ಕಣ್ಣುಗಳೂ ಮೌನೇಶನ ಕಡೆ ಹೊರಳಿದವು.

ಗೋವಾದ ಮಾತನ್ನು ಈಗ ಅಲ್ಲಗಳೆದರೆ ಮಾನ ಹೋಗುತ್ತದೆ. ಒಪ್ಪಿದರೆ ಮಗಳಿಗೆ ಜಾಗ ಸಿಗುತ್ತದೆ. ಮೌನೇಶ ಒಪ್ಪಿದ. ಅಜಯ ಸಂತೋಷದಿಂದ ತನ್ನ ಕೊರಳಿನ ಸೀಟಿ ತೆಗೆದು ಅವನ ಕೊರಳಿಗೆ ಹಾಕಿದ. ಹೊರಗೆ ಉಳಿದಿದ್ದ ಮಕ್ಕಳೆಲ್ಲ ಹೋ ಎಂದು ಅವನನ್ನು ಮುತ್ತಿಕೊಂಡರು. ಮೊದಲು ಹೆದರಿಕೆಯಾಯಿತು, ಆಮೇಲೆ ಎದೆ ಉಬ್ಬಿತು. ಕಲಿಸುವುದು ವಿಡಿಯೋ ನೋಡಿದಷ್ಟೇ ಸುಲಭ ಎನ್ನಿಸಿತು. ದಾರಿಯುದ್ದಕ್ಕೂ ಸೀಟಿ ಊದುತ್ತ ಮನೆಗೆ ಬಂದು, ಜ್ಯೋತಿಗೆ ಜಾಗ ಸಿಕ್ಕಿತು, ಅವಳ ಕೋಚ್ ಬೇರೆ ಯಾರೂ ಅಲ್ಲ, ಅವಳ ಅಪ್ಪ ಎಂದು ಸಾರಿದ.

ಮಧುಮತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಆಕೀನ ಹಳಿಯಾಳಕ್ಕ ಹಾಕೇನ್ರಿ. ಆ ಸರ್‌ಗೆ ಫೋನ್ ಮಾಡಿ ಹೇಳಿನಿ. ದಿನಾ ಸಂಜಿ ಬಸ್ಸಿಗೆ ನಾನ ಕರಕೊಂಡು ಹೋಗ್ತೇನಿ."

ಅಷ್ಟು ದೂರ ಯಾಕೆ ಎಂದು ಮೌನೇಶ ಕೇಳಿದ. ಉತ್ತರ ಕೊಟ್ಟವಳು ಜ್ಯೋತಿ.

"ಅಲ್ಲಿ ಅಪ್ಪಗೋಳನ್ನ ಒಳಗ ಬಿಡಂಗಿಲ್ಲ, ಅದಕ್ಕ."

ಮೌನೇಶ ಕುಸಿದು ಕೂತ. ಅಭ್ಯಾಸಬಲದಿಂದ ಸೀಟಿ ಮತ್ತೆ ಬಾಯಿಗೆ ಹೋಗಿತ್ತು, ನಿಟ್ಟುಸಿರು ಬಿಟ್ಟಾಗ ಅದೂ ಸಣ್ಣಗೆ ಕುಂಯ್ ಎಂದಿತು. ಅದನ್ನು ಈಗಲೇ ವಾಪಸು ಕೊಟ್ಟು, ತನಗೆ ಆಟ ಬರುವುದಿಲ್ಲ ಎಂದು ಹೇಳಿಬಿಡಬೇಕು ಎಂದು ಎದ್ದ. ಬಾಗಿಲು ತೆರೆದರೆ ಕಟ್ಟೆಯ ತುಂಬ ಜನ. ಹೊಸ ತಂಡದ ಪಾಲಕರು, ಅವರ ವಕೀಲನ ಹಾಗೆ ಎಲ್ಲರಿಗಿಂತ ಮುಂದೆ, ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದ ನಾಗಲಿಂಗಪ್ಪ.

"ಕೋಚ್ ಸಾಹೇಬ್ರ, ಕಲಿಕೆ ಶುರು ಆಗೂ ಮೊದಲ ಮಂದಿಗೆ ನಿಮ್ಮನ್ನ ಒಂದಿಷ್ಟು ಕೇಳೋದೈತಿ," ಎಂದ. "ಮೊದಲನೇ ಪ್ರಶ್ನೆ. ನಿಮ್ಮ ಸ್ವಂತ ಮಗಳನ್ನ ನಿಮ್ಮ ಕಡೆ ಯಾಕ ಹಾಕಿಲ್ಲ?"