ಬಿಸಿಲಿಗೆ ಹಿಡಿದು ಆರಿಸಿದ ಅಂಗಡಿ

ಆಗ ನನಗೆ ಅರವತ್ತಾರು. ಇದು ಹದಿನೇಳು ವರ್ಷದ ಹಿಂದಿನ ಮಾತು. ನನಗೆ ಯಾರೂ ಮೋಸ ಮಾಡಲಿಲ್ಲ, ಯಾರೂ ದಾರಿ ತಪ್ಪಿಸಲಿಲ್ಲ. ಆದ ಅನಾಹುತವನ್ನೆಲ್ಲ ಸ್ವಂತ ಬುದ್ಧಿಯಿಂದ, ಹಟ ಹಿಡಿದು ಮಾಡಿಕೊಂಡೆ. ಹಾಗಾಗಿ ಹೇಳಿಕೊಳ್ಳಲು ಸಂಕೋಚವೂ ಇಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಗೌರಿ ಹಬ್ಬದ ಬಾಗಿನ ಬೇಕೆಂದರೆ ಎಲ್ಲರೂ ನಂಜಮ್ಮನ ಜಗಲಿಗೇ ಬರಬೇಕು. ಎರಡು ಬಿದಿರಿನ ಮೊರ. ಒಂದರಲ್ಲಿ ಬಳೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ. ಇನ್ನೊಂದು ಅದಕ್ಕೆ ಮುಚ್ಚಳ. ಹಬ್ಬಕ್ಕೆ ತಿಂಗಳಿರುವಾಗಲೇ ನಗರ್ತಪೇಟೆಯಿಂದ ಸಾಮಾನು ತಂದು ಜಗಲಿಯ ಮೇಲೆ ಜೋಡಿಸಿಕೊಂಡು ಕೂತುಬಿಡುತ್ತಿದ್ದೆ. ನಮ್ಮದು ಮೂಲೆ ಮನೆ. ಎರಡು ರಸ್ತೆಯ ಜನವೂ ನನ್ನ ಮುಖ ನೋಡದೆ ದಾಟುವಂತಿರಲಿಲ್ಲ.

ಎದುರು ಮನೆಯ ಕಮಲಮ್ಮನದೂ ಅದೇ ವ್ಯಾಪಾರ. ಆದರೆ ಅವಳ ಬಾಗಿಲಿಗೆ ಜಗಲಿಯಿಲ್ಲ. ಮುಂದೆ ಮೋರಿ, ಪಕ್ಕದಲ್ಲಿ ಕರೆಂಟಿನ ಕಂಬ. ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದಳು. "ನಂಜಮ್ಮೋರೆ, ನಿಮಗೆ ಸಾಕು ಅನ್ನಿಸಿದ ದಿನ ಆ ಜಗಲಿ ನಂಗೆ ಕೊಟ್ಬಿಡಿ."

ನನಗೆ ಸಾಕು ಅನ್ನಿಸುವ ಹಾಗೆ ಮಾಡಿದ್ದು ನನ್ನ ಸೊಸೆ ಕುಸುಮ. ಅವಳು ಶೇಷಾದ್ರಿಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಒಂದು ದಿನ ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾ ಹೇಳಿದಳು.

"ಅತ್ತೆ, ನಿಮ್ಮ ಗಿರಾಕಿಗಳಲ್ಲಿ ಅರ್ಧ ಜನ ಈ ಕಡೆ ಬಿಟ್ಟು ದೂರ ಹೋಗಿದಾರೆ. ಬಾಗಿನಕ್ಕೋಸ್ಕರ ಇಷ್ಟು ದೂರ ಯಾರು ಬರ್ತಾರೆ? ಕಂಪ್ಯೂಟರಲ್ಲೇ ಒಂದು ಅಂಗಡಿ ತೆಗೆಯೋಣ. ಆನ್‌ಲೈನ್ ಅಂಗಡಿ. ಅವರು ಮನೇಲಿ ಕೂತು ನೋಡಿ ಆರ್ಡರ್ ಕೊಡ್ತಾರೆ, ನಾವು ಕಳಿಸ್ತೀವಿ."

"ಹಾಗಾದ್ರೆ ಜಗಲಿ ಮೇಲೆ ಕೂರೋದು ಬೇಡ್ವಾ?"

"ಸ್ವಲ್ಪ ದಿನ ಎರಡೂ ಇರಲಿ ಅತ್ತೆ."

ಎರಡೂ ಇರಲಿ ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಅವಳು ಎಣ್ಣೆ ಬಟ್ಟಲು ಒಳಗಿಡುವಷ್ಟರಲ್ಲಿ ನಾನು ರಸ್ತೆ ದಾಟಿ ಕಮಲಮ್ಮನ ಬಾಗಿಲಲ್ಲಿದ್ದೆ. "ತಗೊಳ್ಳಿ, ಈ ವರ್ಷದಿಂದ ಜಗಲಿ ನಿಮ್ದೇ" ಅಂದೆ. ಹಾಲು ಹಾಕುವವನೂ ಹೂವಿನವಳೂ ಅಲ್ಲೇ ನಿಂತಿದ್ದರು. ಅವರಿಗೂ ಕೇಳಲಿ ಅಂತ ಸ್ವಲ್ಪ ಗಟ್ಟಿಯಾಗಿಯೇ ಅಂದೆ.

ಕಮಲಮ್ಮ ನನ್ನ ಮುಖ ನೋಡಿದಳು. "ಯೋಚನೆ ಮಾಡಿ ಹೇಳ್ತಿದೀರಾ?"

"ಮಾಡಿದೀನಿ."

"ಆಮೇಲೆ ವಾಪಸ್ ಕೇಳಬಾರದು."

"ನಾನಾ? ಕೇಳೋದಾ?" ಅಂತ ನಕ್ಕು ಬಂದೆ.

ಮನೆಗೆ ಬಂದು ಹೇಳಿದಾಗ ಕುಸುಮ ನಗಲಿಲ್ಲ. ಇನ್ನು ನನ್ನ ವ್ಯಾಪಾರ ಉಳಿಯುವುದೂ ಮುಳುಗುವುದೂ ಆ ಕಂಪ್ಯೂಟರಿನ ಮೇಲೇ ನಿಂತಿತ್ತು. ತಂದ ಮೊರಗಳೆಲ್ಲ ಆಗಲೇ ನಡುಮನೆಯಲ್ಲಿ ಅಟ್ಟದವರೆಗೆ ಏರಿದ್ದವು.

ಭಾನುವಾರ ಅವಳು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡಳು.

"ಈಗ ಒಂದು ಥೀಮ್ ಆರಿಸಬೇಕು ಅತ್ತೆ. ಥೀಮ್ ಅಂದ್ರೆ ಅಂಗಡಿ ನೋಡೋಕೆ ಹೆಂಗಿರುತ್ತೆ ಅನ್ನೋದು. ಬಣ್ಣ, ಅಂಚು, ಅಕ್ಷರ ಎಲ್ಲಾ ಅವರೇ ಮಾಡಿಟ್ಟಿರ್ತಾರೆ. ನಾವು ನಮ್ಮ ಸಾಮಾನಿನ ಫೋಟೋ ಹಾಕ್ಕೋಬೇಕು ಅಷ್ಟೇ. ಬಿಟ್ಟಿ ಸಿಗೋದೂ ಇದೆ, ದುಡ್ಡು ಕೊಟ್ಟು ತಗೊಳೋ ಪ್ರೀಮಿಯಂ ಅಂತಾನೂ ಇದೆ."

"ಬಿಟ್ಟಿದು ಊರಿನವರೆಲ್ಲರ ಮೈಮೇಲೂ ಇರುತ್ತೆ. ದುಡ್ಡಿಂದೇ ತೋರಿಸು."

ಬಣ್ಣ, ಅಂಚು ಎಂದ ಕೂಡಲೇ ನನಗೆ ವಿಷಯ ಪೂರ್ತಿ ಅರ್ಥವಾಗಿತ್ತು. ಇದು ಸೀರೆ. ಸೀರೆ ಆರಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಬೀದಿಯ ಎಷ್ಟೋ ಮದುವೆಗಳಿಗೆ ಚಿಕ್ಕಪೇಟೆಗೆ ನನ್ನನ್ನೇ ಕರೆದುಕೊಂಡು ಹೋಗುತ್ತಿದ್ದರು. ನಾನು ಬಂದರೆ ಅಂಗಡಿಯವರು ಮೊದಲು ನೀರು ಕುಡಿದು ಬಂದು ಕೂರುತ್ತಿದ್ದರು.

"ಇದರಲ್ಲೇ ಅಂಚು ದೊಡ್ಡದು ತೆಗಿ" ಅಂದೆ.

"ಇದರಲ್ಲಿ ಇಷ್ಟೇ ಅತ್ತೆ."

"ಕೇಳಿ ನೋಡು, ಒಳಗೆ ಇಟ್ಟಿರ್ತಾರೆ."

"ಯಾರನ್ನ ಕೇಳಲಿ?"

"ಹೋಗಲಿ, ಸೆರಗು ತೋರಿಸು."

ಕುಸುಮ ಪುಟವನ್ನು ತಳದವರೆಗೂ ಎಳೆದಳು. "ಇದೇ ಸೆರಗು ಅಂದ್ಕೊಳ್ಳಿ."

ಹೀಗೆ ಮಧ್ಯಾಹ್ನದವರೆಗೂ ಬಿಚ್ಚಿಸಿದೆ, ಮಡಚಿಸಿದೆ. ಅವಳಿಗೆ ಒಂದು ಹಿಡಿಸಿತು. ಗಂಧದ ಬಣ್ಣ, ತೆಳುವಾದ ಗೆರೆ. "ಕೈಕೆಲಸದ ಸಾಮಾನು ಮಾರೋರಿಗೆ ಅಂತಾನೇ ಮಾಡಿರೋದು ಅತ್ತೆ, ನೋಡಿ ಎಷ್ಟು ಲಕ್ಷಣವಾಗಿದೆ."

"ಸಪ್ಪೆ" ಅಂದೆ. ಆಮೇಲೆ ನನ್ನ ತಲೆಗೆ ಹೊಳೆಯಿತು. ಟ್ಯೂಬ್‌ಲೈಟಿನ ಕೆಳಗೆ ಕೂತು ಬಣ್ಣ ಆರಿಸುವವರು ಯಾರಾದರೂ ಉಂಟೆ? ಅಂಗಡಿಯ ಬೆಳಕಿನಲ್ಲಿ ಗಿಳಿಹಸಿರು ಅಂತ ತಂದದ್ದು ಮನೆಯಲ್ಲಿ ಪಾಚಿಯ ಬಣ್ಣವಾಗಿ, ಅತ್ತ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ.

"ಇದನ್ನ ಬಿಸಿಲಿಗೆ ತಗೊಂಡು ಹೋಗಿ ನೋಡಬೇಕು" ಅಂದೆ.

"ಯಾವುದನ್ನ?"

"ಈ ಡಬ್ಬಾನ."

ಆಗಿನ ಕಂಪ್ಯೂಟರು ಈಗಿನಂತೆ ಹಪ್ಪಳದ ಹಾಗಿರಲಿಲ್ಲ. ಹಿಂದೆ ಒಂದು ಗೂನುಬೆನ್ನು, ಒಳಗೆ ಕಲ್ಲು ತುಂಬಿದಂತೆ ಭಾರ. ನಮ್ಮ ಯಜಮಾನರು ರಿಟೈರಾಗಿ ಪೇಪರ್ ಓದಿಕೊಂಡು ಕೂತಿದ್ದರು. ಅವರನ್ನು ಎಬ್ಬಿಸಿದೆ.

"ಕಂಪ್ಯೂಟರಿಗೆ ಬಿಸಿಲು ಯಾಕೆ? ಸಂಡಿಗೆನಾ ಅದು?" ಅಂದರು.

"ಹಿಡ್ಕೊಳ್ರಿ."

ಸೊಸೆ ಒಂದು ಕಡೆ, ಮಾವ ಒಂದು ಕಡೆ ಹಿಡಿದು, ವೈರನ್ನು ಹೊಸಿಲ ಮೇಲಿಂದ ಎಳೆದು, ಅದನ್ನು ಜಗಲಿಯ ಮೇಲೆ ತಂದಿಟ್ಟರು. ನೆತ್ತಿಯ ಮೇಲೆ ಸುಡು ಬಿಸಿಲು. ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು. "ಅಜ್ಜಿ, ಸ್ಕೋರ್ ಎಷ್ಟು?" ಅಂದ ಡ್ರೈವರು. ಕಮಲಮ್ಮ ತನ್ನ ಬಾಗಿಲಿನಿಂದ ಎಲ್ಲವನ್ನೂ ನೋಡಿದಳು.

ಬಿಸಿಲಿನಲ್ಲಿ ಸತ್ಯ ಹೊರಬಿತ್ತು. ಕುಸುಮಳ ಗಂಧದ ಬಣ್ಣ ಪೂರ್ತಿ ಮಾಯ, ಗಾಜಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. "ನೋಡಿದ್ಯಾ, ಬಣ್ಣ ನಿಲ್ಲಲ್ಲ" ಅಂದೆ. ಅವಳು ಒಂದೊಂದಾಗಿ ತೆಗೆದಳು. ಎಲ್ಲವೂ ಹಾಗೆಯೇ ಬಿಳಿಚಿಕೊಂಡವು. ಕಡೆಗೊಂದು ಬಂತು ನೋಡಿ. ಕುಂಕುಮಗೆಂಪು! ಅಷ್ಟು ಬಿಸಿಲಿಗೂ ಜಗ್ಗಲಿಲ್ಲ. ಒಡಲ ತುಂಬ ಅರಿಸಿನ ಬಣ್ಣದ ಬುಟ್ಟಾ. ಕಣ್ಣು ಕಿರಿದು ಮಾಡಿ ನೋಡಿದೆ, ಪುಟ್ಟ ಪುಟ್ಟ ಪದ್ಮಗಳ ಹಾಗೆ ಕಂಡವು. ಮಧ್ಯದಲ್ಲಿ ಬಿಳಿಯದೊಂದು ಒಡವೆಯಂಥದ್ದು.

"ಇದೇ. ಪದ್ಮದ ಬುಟ್ಟಾ, ಗೌರಮ್ಮನೇ ಉಟ್ಟ ಹಾಗಿದೆ. ತಗೊಂಡ್ಬಿಡು."

"ಅತ್ತೆ, ನಂಗೇನೂ ಸರಿಯಾಗಿ ಕಾಣ್ತಿಲ್ಲ. ಒಳಗೆ ಹೋಗಿ ಒಂದ್ಸಲ..."

"ಒಳಗೆ ಹೋದ್ರೆ ಮತ್ತೆ ಟ್ಯೂಬ್‌ಲೈಟು. ತಗೋ ಅಂದ್ನಲ್ಲ."

ಪಾಪ, ಬೆಳಿಗ್ಗೆಯಿಂದ ಊಟವಿಲ್ಲ, ಬೆವರು ಸುರಿಯುತ್ತಿತ್ತು. ಒತ್ತಿಬಿಟ್ಟಳು. ಕೊಂಡದ್ದಾಯಿತು.

ಕಂಪ್ಯೂಟರ್ ಒಳಗೆ ಬಂತು. ಎಲ್ಲರೂ ಊಟ ಮಾಡಿದೆವು. ನಾನು ಎಲೆಯಡಿಕೆ ಹಾಕಿಕೊಂಡು ಅಂಗಡಿ ನೋಡಲು ಕೂತೆ. ಕುಸುಮ ತೆಗೆದಳು. ತೆಗೆದವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

"ಏನಾಯ್ತೇ?"

"ಅತ್ತೆ, ಪದ್ಮ ಅಂದ್ರಲ್ಲ, ಅದಕ್ಕೆ ನಾಲ್ಕೇ ದಳ ಇದೆ. ನಾಲ್ಕೂ ಮೇಲುಗಡೆ."

ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿದರು. "ನಾಯಿ ಹೆಜ್ಜೆ" ಅಂದರು.

ಹೌದು. ಗೌರಮ್ಮ ಉಟ್ಟ ಸೀರೆಯ ತುಂಬ ನಾಯಿ ಓಡಾಡಿತ್ತು. ಬಿಳಿಯ ಒಡವೆ ಒಂದು ಎಲುಬು. ಸಾಮಾನು ಕೊಳ್ಳುವವರು ಆ ಎಲುಬನ್ನೇ ಒತ್ತಬೇಕು. ಇಡೀ ಥೀಮು ನಾಯಿಗಳ ಹಾಸಿಗೆ, ಪಟ್ಟಿ, ತಿಂಡಿ ಮಾರುವವರಿಗಾಗಿ ಮಾಡಿದ್ದಂತೆ. ಎಲ್ಲೆಲ್ಲೂ ನಾಲಿಗೆ ಚಾಚಿದ ನಾಯಿಗಳ ಫೋಟೋ.

"ವಾಪಸ್ ಮಾಡು" ಅಂದೆ.

"ತಗೊಳಲ್ಲ ಅಂತ ಬರೆದಿದಾರೆ."

"ಇನ್ನೂ ಫಾಲ್ ಹಾಕಿಲ್ಲ ಅಂತ ಹೇಳು."

ಕುಸುಮ ನಾಯಿಗಳ ಫೋಟೋ ತೆಗೆದು ನಮ್ಮ ಬಾಗಿನದ ಫೋಟೋ ಹಾಕಿದಳು. ಹೆಜ್ಜೆ ಮತ್ತು ಎಲುಬು ಮಾತ್ರ ಹೋಗಲಿಲ್ಲ, ನೇಯ್ದುಬಿಟ್ಟಿದ್ದರು. ಅವಳ ಪರಿಚಯದವರೊಬ್ಬರನ್ನು ಕೇಳಿದರೆ, ತೆಗೆಯಬಹುದು, ದಸರಾ ಹೊತ್ತಿಗೆ ನೋಡೋಣ ಅಂದರಂತೆ. ಗೌರಿ ಹಬ್ಬ ಮುಗಿದ ಮೇಲೆ ಬಾಗಿನದ ಅಂಗಡಿ ಯಾರಿಗೆ ಬೇಕು? "ಆ ಗಂಧದ್ದೇ ತಗೊಂಡ್ಬಿಡೋಣ ಅತ್ತೆ" ಅಂದಳು. ನಾನು ಒಪ್ಪಲಿಲ್ಲ. ಒಪ್ಪಿದರೆ ಸೋತ ಹಾಗಲ್ಲವೆ? "ಉಟ್ಕೊಂಡ ಮೇಲೆ ಯಾರು ಹತ್ತಿರ ಬಂದು ಬುಟ್ಟಾ ನೋಡ್ತಾರೆ? ತೆಗಿ ಅಂಗಡೀನ" ಅಂದೆ.

ತೆಗೆದಳು. ಮನೆಯ ಫೋನ್ ನಂಬರನ್ನೂ ಅದರಲ್ಲಿ ಹಾಕಿದ್ದಳು, ನಾನು ಫೋನಿನ ಪಕ್ಕ ಕೂತೆ. ಮುಂಬಾಗಿಲು ತೆಗೆದರೆ ಜಗಲಿಯ ಮೇಲೆ ಕಮಲಮ್ಮ ವ್ಯಾಪಾರ ಮಾಡುವುದನ್ನು ನೋಡಬೇಕಾಗುತ್ತದೆ ಅಂತ ಬಾಗಿಲನ್ನೇ ಮುಚ್ಚಿಸಿಬಿಟ್ಟೆ. ಹಿಂದಿನ ಓಣಿಯಿಂದಲೇ ನನ್ನ ಓಡಾಟ.

ಕೆಲವು ದಿನ ಏನೂ ಇಲ್ಲ. ಆಮೇಲೆ ಒಂದು ಆರ್ಡರ್ ಬಂತು. ಒಂದು ಜೊತೆ ಬಾಗಿನ. ನಾನು ಪಾಯಸ ಮಾಡಿದೆ. ಮೊರಗಳಿಗೆ ಕೈಯಾರೆ ಅರಿಸಿನ ಕುಂಕುಮ ಹಚ್ಚಿ, ಕಟ್ಟಿ ಕೊರಿಯರ್ ಮಾಡಿಸಿದೆ. ತಲುಪಿದ ಮೇಲೆ ಆಯಮ್ಮ ತಾನೇ ಫೋನ್ ಮಾಡಿದಳು. ನೋಡಿ, ಎಂಥ ಗಿರಾಕಿ, ಅಂದುಕೊಂಡೆ.

"ಆಂಟಿ, ನಿಮ್ಮ ಬುಟ್ಟಿ ಬಂತು. ತುಂಬಾ ಚೆನ್ನಾಗಿದೆ."

"ಬುಟ್ಟಿ ಅಲ್ಲಮ್ಮ, ಮೊರ."

"ಅದೇ. ಎರಡು ಕಳಿಸಿದ್ದು ಒಳ್ಳೇದಾಯ್ತು. ನಮ್ಮನೇಲಿ ಇಬ್ಬರಿದಾರೆ."

"ಸಂತೋಷ ಕಣಮ್ಮ. ಎಷ್ಟು ವಯಸ್ಸು?"

"ದೊಡ್ಡವಳಿಗೆ ಎರಡು ವರ್ಷ. ಚಿಕ್ಕವಳಿಗೆ ಐದು ತಿಂಗಳು, ಮೊರದಲ್ಲೇ ಮಲಕ್ಕೋತಾಳೆ."

"ಹಿಂದಿನ ಕಾಲದಲ್ಲಿ ಕೂಸನ್ನ ಮೊರದಲ್ಲೇ ಮಲಗಿಸ್ತಿದ್ರು. ಒಳ್ಳೇದು."

"ಆ ಕಪ್ಪು ಮಣೀನ ದೊಡ್ಡವಳ ಕೊರಳಿಗೆ ಕಟ್ಟಿದೀನಿ. ಅವಳು ಮೊರದ ಅಂಚು ಕಚ್ಚಿ ಹಾಕಿದ್ಲು ಆಂಟಿ."

"ಮಕ್ಕಳು ಅಂದ್ಮೇಲೆ ಅಷ್ಟು ಇಲ್ದೆ ಇರುತ್ತಾ?"

"ಬೇಳೆ ಹಸೀದೇ ಕೊಡಬೇಕಾ, ಬೇಯಿಸಿನಾ? ಮತ್ತೆ ಆ ಬಾಚಣಿಗೆ ಬೆನ್ನಿಗೇನೋ ಸರಿ, ಬಾಲಕ್ಕೆ ಸಿಕ್ಕಿಹಾಕ್ಕೊಳುತ್ತೆ."

ನಾನು ಫೋನನ್ನು ಕುಸುಮಳ ಕೈಗೆ ಕೊಟ್ಟು ನೆಲದ ಮೇಲೆ ಕೂತೆ. ಗೌರಿಯ ಕರಿಮಣಿ ಯಾರದೋ ಮನೆಯ ನಾಯಿಯ ಕೊರಳಲ್ಲಿ! ಕುಸುಮ ಬೇಳೆ ಬೇಯಿಸಿಯೇ ಕೊಡಿ ಅಂತ ಹೇಳಿ ಫೋನ್ ಇಟ್ಟಳು. ಇನ್ನೇನು ಹೇಳಬೇಕಿತ್ತು?

ಅದಾದ ಮೇಲೆ ಬಂದ ಇನ್ನೊಂದೇ ಫೋನು ನನ್ನ ಹಳೆಯ ಗಿರಾಕಿ ಒಬ್ಬಳದು, ಬಸವನಗುಡಿಯಿಂದ. "ನಂಜಮ್ಮೋರೆ, ಬಾಗಿನ ಬಿಟ್ಟು ನಾಯಿ ವ್ಯಾಪಾರಕ್ಕೆ ಇಳಿದ್ರಂತೆ? ಇನ್ಮೇಲೆ ನಾವು ಬಾಗಿನಕ್ಕೆ ಎಲ್ಲಿಗೆ ಹೋಗೋದು?"

ಹಬ್ಬಕ್ಕೆ ವಾರವಿತ್ತು. ನಡುಮನೆಯಲ್ಲಿ ಮೊರಗಳ ಮಧ್ಯೆ ಅಡ್ಡಡ್ಡಲಾಗಿ ನಡೆಯುತ್ತಿದ್ದೆವು. ಯಜಮಾನರು ಅವುಗಳ ಹಿಂದೆ ಎಲ್ಲೋ ಮಲಗುತ್ತಿದ್ದರು, ಕೆಮ್ಮಿದರೆ ಇದ್ದಾರೆ ಅಂತ ಗೊತ್ತಾಗುತ್ತಿತ್ತು. ಹಬ್ಬ ದಾಟಿದರೆ ಒಂದು ಮೊರವನ್ನೂ ಯಾರೂ ಮೂಸುವುದಿಲ್ಲ. ಜಗಲಿ ಬೇಕು. ಬೇರೆ ದಾರಿಯಿಲ್ಲ.

ಸಂಜೆ ಹಿಂದಿನ ಓಣಿಯಿಂದ ಸುತ್ತು ಹಾಕಿ ಕಮಲಮ್ಮನ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮಂಡಿ ನೋವಿದೆ, ವಯಸ್ಸಾಯಿತು, ಅರ್ಧ ಜಗಲಿಯಾದರೂ ಸಾಕು, ಮೂಲೆಯಾದರೂ ಸರಿ. ನೋಡಿದರೆ ಕಮಲಮ್ಮ ಮೋರಿಯ ಪಕ್ಕ, ಕಂಬದ ಕೆಳಗೆ, ತನ್ನ ಹಳೆಯ ಜಾಗದಲ್ಲೇ ಸಾಮಾನು ಹರಡಿಕೊಂಡು ಕೂತಿದ್ದಾಳೆ. ರಸ್ತೆಯಾಚೆ ನನ್ನ ಜಗಲಿ ಖಾಲಿ.

"ಇಲ್ಯಾಕೆ ಕೂತಿದೀರಿ?" ಅಂದೆ. ಜೋಡಿಸಿದ ಮಾತೆಲ್ಲ ಮರೆತುಹೋಗಿತ್ತು.

"ಎರಡು ದಿನ ಅಲ್ಲಿ ಕೂತೆ ನಂಜಮ್ಮೋರೆ. ಬಂದೋರೆಲ್ಲ ನಂಜಮ್ಮ ಎಲ್ಲಿ, ನಂಜಮ್ಮಂಗೆ ಏನಾಯ್ತು, ಇದಾರಾ ಹೋದ್ರಾ? ಒಬ್ಬಳಂತೂ ಅಲ್ಲೇ ನಿಂತು ಕಣ್ಣೊರೆಸಿಕೊಂಡ್ಲು. ನಾನು ವ್ಯಾಪಾರ ಮಾಡಲಾ, ನೀವು ಬದುಕಿದೀರಿ ಅಂತ ಸಾರ್ಕೊಂಡು ಕೂರಲಾ? ಮೂಟೆ ಕಟ್ಕೊಂಡು ಬಂದ್ಬಿಟ್ಟೆ. ನಂಗೆ ಬೇಡ ನಿಮ್ಮ ಜಗಲಿ."

"ಬೇಡ್ವಾ?"

"ಬೇಡ ಅಂದ್ನಲ್ಲ. ಪುಣ್ಯ ಬರುತ್ತೆ, ನೀವೇ ಹೋಗಿ ಕೂತ್ಕೊಳಿ. ಆದ್ರೆ ಆ ನಾಯಿ ಅಂಗಡಿ ಮುಚ್ಚೋಕೆ ಮುಂಚೆ ನಂಗೊಂದ್ಸಲ ತೋರಿಸಬೇಕು."

ಎದೆಯ ಮೇಲಿದ್ದ ಮೊರಗಳನ್ನೆಲ್ಲ ಯಾರೋ ಇಳಿಸಿದ ಹಾಗಾಯಿತು. ಅವಳನ್ನು ಕರೆದುಕೊಂಡು ಬಂದು ತೋರಿಸಿದೆ. ಎಲುಬು ನೋಡಿ ಕಮಲಮ್ಮ ಗೋಡೆ ಹಿಡಿದುಕೊಂಡು ನಕ್ಕಳು. ಅವಳನ್ನು ನೋಡಿ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ ಕುಸುಮಳೂ ನಕ್ಕಳು. ಜಗಲಿ ಖಾಲಿ ಇರುವುದು ಯಜಮಾನರಿಗೆ ಮೊದಲೇ ಗೊತ್ತಿತ್ತಂತೆ, ದಿನಾ ಪೇಪರನ್ನು ಅಲ್ಲೇ ಕೂತು ಓದುತ್ತಿದ್ದರಂತೆ.

"ಹೇಳಬಾರದಿತ್ತಾ?" ಅಂದೆ.

"ನೀನು ಕೇಳಲಿಲ್ಲ" ಅಂದರು ಮೊರಗಳ ಹಿಂದಿನಿಂದ.

ಕುಸುಮ ಅವತ್ತೇ ಆ ಅಂಗಡಿಗೆ ಬಾಗಿಲು ಹಾಕಿದಳು. ಮುಂದಿನ ವರ್ಷ ಆ ಸಪ್ಪೆ ಗಂಧದ ಬಣ್ಣದ್ದನ್ನೇ ತಂದು ಬೇರೆ ತೆರೆದಳು. ಆರಿಸುವಾಗ ನನ್ನನ್ನು ಕರೆಯಲಿಲ್ಲ. ಅದು ಚೆನ್ನಾಗಿ ನಡೆಯಿತು ಅಂತ ಹೇಳಲು ನನಗೆ ಇಷ್ಟವಿಲ್ಲ, ಆದರೆ ನಡೆಯಿತು.

ಜಗಲಿ ವಾಪಸ್ ಸಿಕ್ಕಿದ ಮಾರನೆಯ ದಿನ ಬೆಳಿಗ್ಗೆ, ಇನ್ನೂ ಹಾಲಿನವನೂ ಬಂದಿರಲಿಲ್ಲ, ಕಮಲಮ್ಮ ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾಳೋ ಅಂತ ನಾನು ಜಗಲಿ ಗುಡಿಸಿ, ಸಾರಿಸಿ, ಮೊರಗಳನ್ನು ಜೋಡಿಸಿಕೊಂಡು ಕೂತುಬಿಟ್ಟೆ. ಬಿಸಿಲೇರುವವರೆಗೂ ಒಂದು ನರಪಿಳ್ಳೆಯೂ ಬರಲಿಲ್ಲ. ಕಾಫಿ ಆರಿಹೋಗುತ್ತೆ, ಒಳಗೆ ಬಾ, ಅಂತ ಯಜಮಾನರು ಕೂಗಿದರು. ನಾನು ಏಳಲಿಲ್ಲ.