ಬಿಸಿ ರೊಟ್ಟಿಯ ಸುತ್ತ ಬಾಣದ ಗುರುತುಗಳು

ತರಬೇತಿ ಮುಗಿಸಿಕೊಂಡು ಬಂದ ಗಂಡಸನ್ನು ಸೀದಾ ಮನೆಯೊಳಗೆ ಬಿಟ್ಟುಕೊಳ್ಳಬಾರದು. ಒಂದೆರಡು ದಿನ ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ತಲೆಯಲ್ಲಿ ತುಂಬಿಕೊಂಡು ಬಂದದ್ದು ಗಾಳಿಗೆ ಸ್ವಲ್ಪ ಆರಿದ ಮೇಲೆ ಒಳಗೆ ಕರೆದರೆ ಸಂಸಾರಕ್ಕೆ ಕ್ಷೇಮ. ಇದು ನಾನು ಅನುಭವದಿಂದ ಹೇಳುವ ಮಾತು. ಸಾಮಾನ್ಯವಾಗಿ ತರಬೇತಿ ಎಂದರೆ ನನಗೆ ಮಧ್ಯಾಹ್ನದ ಊಟ, ಒಂದು ಕೈಚೀಲ, ಕೊನೆಗೊಂದು ಗುಂಪು ಫೋಟೋ. ಊಟದ ನಂತರದ ಪಾಠದಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ನನಗೆ ಸಿದ್ಧಿಸಿದೆ. ಈ ಸಲ ಮಾತ್ರ ಯಾಕೋ ಏನೋ, ಕಿವಿಗೊಟ್ಟು ಕೇಳಿಬಿಟ್ಟೆ. ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದಲೇ.

ನಾನು ನರೋಣಾ ಕಡೆಯ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನಮ್ಮಂಥವರನ್ನೆಲ್ಲ ಕಲಬುರಗಿಯಲ್ಲಿ ಗುಡ್ಡೆಹಾಕಿ, ಸಮಾಜದ ವ್ಯವಸ್ಥೆಗಳನ್ನು ಹೊಸದಾಗಿ ವಿನ್ಯಾಸ ಮಾಡುವುದು ಹೇಗೆ ಎಂದು ಕಲಿಸಿದರು. ಪಾಠ ಹೇಳಿದವನು ಚುರುಕಾದ ತರುಣ. "ಸಮಸ್ಯೆ ಬಂದಾಗ ಮನುಷ್ಯರನ್ನು ಬೈಯಬೇಡಿ, ವ್ಯವಸ್ಥೆಯನ್ನು ನೋಡಿ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಯಾವುದರಿಂದ ಯಾವುದು ಆಗುತ್ತದೆ ಎಂದು ಬಾಣ ಹಾಕಿ ನೋಡಿ" ಎಂದ. ಎಲ್ಲರಿಗೂ ದೊಡ್ಡ ಹಾಳೆ, ಬಣ್ಣದ ಪೆನ್ನು ಕೊಟ್ಟರು. ಅಫಜಲಪುರದವರು ಭೀಮಾ ನದಿಯ ನೀರಿನ ಸುತ್ತ ಬಾಣ ಹಾಕಿದರು. ಜೇವರ್ಗಿಯವರು ಬಾರದ ಬಸ್ಸಿನ ಸುತ್ತ ಹಾಕಿದರು. ನಾವು ಆಳಂದದವರು ಚಹಾ ಯಾಕೆ ಇನ್ನೂ ಬಂದಿಲ್ಲ ಎಂಬುದರ ಸುತ್ತ ಹಾಕಿ, ತರುಣನಿಂದ ಶಹಬ್ಬಾಸ್ ಅನ್ನಿಸಿಕೊಂಡೆವು. ಆ ಶಹಬ್ಬಾಸ್ ನನ್ನ ತಲೆಗೇರಿತು. ಉಳಿದ ಹಾಳೆಗಳನ್ನೆಲ್ಲ ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು, ಸುಧಾರಿಸಲು ಒಂದು ವ್ಯವಸ್ಥೆ ಸಿಕ್ಕರೆ ಸಾಕು ಎಂದು ಹುಡುಕುತ್ತ ಊರಿಗೆ ಬಂದೆ.

ಹುಡುಕುವ ಕಷ್ಟವೇ ಬರಲಿಲ್ಲ. ನನ್ನ ಹೆಂಡತಿ ಸುನಂದಾ ಆಗಷ್ಟೇ ಪಂಚಾಯಿತಿಯ ಕಸದ ಗಾಡಿಯ ಡ್ರೈವರ್ ಆಗಿದ್ದಳು. ಮಹಿಳಾ ಸಂಘದಿಂದ ಹೆಸರು ಕೊಟ್ಟು, ಗಾಡಿ ಕಲಿತು, ಲೈಸೆನ್ಸ್ ಪಡೆದು, ಮೊದಲ ದಿನ ಓಣಿಯ ತಿರುವಿನಲ್ಲಿ ಆ ನಾಲ್ಕು ಗಾಲಿಯ ಗಾಡಿಯನ್ನು ಅವಳು ತಿರುಗಿಸಿದ್ದನ್ನು ನೋಡಿ ನಾನು ಗ್ರಂಥಾಲಯದ ಬಾಗಿಲು ತೆರೆಯುವುದನ್ನೇ ಮರೆತಿದ್ದೆ. ನಾನೋ, ಸೈಕಲ್ಲಿನ ಮೇಲೂ ದೇವರ ಹೆಸರು ಹೇಳುತ್ತ ಹೋಗುವವನು. ಅವಳು ಆ ಗಾಡಿಯನ್ನು ನನ್ನ ಹೊಸ ಟವೆಲ್ಲಿನಿಂದ ಒರೆಸುತ್ತಿದ್ದಳು, ನಾನು ಹಳೆಯದರಲ್ಲೇ ಮೈ ಒರೆಸಿಕೊಳ್ಳುತ್ತಿದ್ದೆ. ಆದರೆ ಗಾಡಿ ಬೆಳಗ್ಗೆ ಜನ ಹೊಲಕ್ಕೆ ಹೋಗುವ ಮೊದಲೇ ಓಣಿಗಳಿಗೆ ಬರಬೇಕು, ಅದು ಆಗುತ್ತಿರಲಿಲ್ಲ. ಪಿಡಿಓ ಮೇಡಂ ಒಳ್ಳೆಯವರೇ, ಆದರೂ ಒಂದು ದಿನ ನನ್ನೆದುರಿಗೇ ಹೇಳಿದರು: "ಸುನಂದಾ, ಮನಿಗೆ ಕೀಲಿ ಬಿದ್ದ ಮ್ಯಾಲ ಗಾಡಿ ಬಂದ್ರ ಏನ್ ಉಪಯೋಗ ಹೇಳವಾ? ಕಸ ಮತ್ತ ಗಟಾರಕ್ಕೇ ಬೀಳಾಕತ್ತದ. ಈ ತಿಂಗಳು ಮುಗಿಯೋತನ ನೋಡ್ತೇನಿ. ಆಗಂಗಿಲ್ಲ ಅಂದ್ರ ಬ್ಯಾರೆಯವ್ರಿಗೆ ಕೊಡಬೇಕಾಗ್ತದ." ಸುನಂದಾ ಮನೆಗೆ ಬಂದು ಗಾಡಿಯ ಕೀಲಿಯನ್ನು ಮೊಳೆಗೆ ತೂಗುಹಾಕುವ ಬದಲು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ತಡವಾಗಲು ಕಾರಣ ರೊಟ್ಟಿ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಹಂಚಿನಿಂದ ಸೀದಾ ತಾಟಿಗೆ ಬೀಳಬೇಕು, ನಡುವೆ ಬುಟ್ಟಿಗೆ ಹೋಗಿ ಬಂದರೆ ಅದಕ್ಕೆ ಮರ್ಯಾದೆ ಇಲ್ಲ. ಉಣ್ಣುವವರಿಗೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ತಮ್ಮ ಮಲ್ಲು ಹೊಲದಿಂದ ಎಮ್ಮೆಯ ಹಾಲು ಹಿಂಡಿಕೊಂಡು ಬಂದಾಗ ಉಣ್ಣುತ್ತಾನೆ. ಅವ್ವ ಲಿಂಗಪೂಜೆ ಮುಗಿಸಿ ಉಣ್ಣುತ್ತಾಳೆ. ನಾನು ಹೋಟೆಲಿನಲ್ಲಿ ಪೇಪರ್ ಓದಿ, ದೇಶದ ಸ್ಥಿತಿಗೆ ಮರುಗಿ, ಹಸಿವಾದಾಗ ಉಣ್ಣುತ್ತೇನೆ. ಕೊನೆಯವನು ಕೈ ತೊಳೆಯುವವರೆಗೆ ರೊಟ್ಟಿ ಬಡಿಯುವವಳು ಒಲೆಯ ಮುಂದಿನಿಂದ ಏಳುವ ಹಾಗಿಲ್ಲ. ಇದು ಅವ್ವನ ಅತ್ತೆಯ ಕಾಲದಿಂದ ಬಂದ ಕಾನೂನು.

ನಾನು ಪಡಸಾಲೆಯ ಗೋಡೆಗೆ ಹಾಳೆ ಅಂಟಿಸಿ, ನಡುವೆ ರೊಟ್ಟಿಯ ಚಿತ್ರ ಬರೆದು, ಸುತ್ತಲೂ ಕೆಂಪು, ಹಸಿರು ಬಾಣ ಹಾಕಿದೆ. ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಏ ಶರಣು, ಯಾರ ಕುಂಡಲಿನೋ ಇದು? ಸಾಡೇಸಾತಿ ನಡದದೇನು?" ಎಂದು ನನ್ನನ್ನೇ ಕೇಳಿದಳು. ನಾನು ಎದೆಗುಂದಲಿಲ್ಲ. ಕಷ್ಟ ಪಡುವವರ ಪಕ್ಕದಲ್ಲೇ ಕುಳಿತು ಅವರ ಮನಸ್ಸನ್ನು ಅರಿಯಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಅದರಂತೆ ಒಲೆಯ ಪಕ್ಕ ಮಣೆ ಹಾಕಿಕೊಂಡು ಕುಳಿತು, ಪೆನ್ನು ಹಿಡಿದು, "ಸುನಂದಾ, ರೊಟ್ಟಿ ಬಡಿಯೋವಾಗ ನಿನಗ ಏನನ್ನಿಸ್ತದ?" ಎಂದು ಕೇಳಿದೆ.

"ನೀವು ಇಲ್ಲಿಂದ ಎದ್ದು ಹ್ವಾದ್ರ ಕೈ ಆಡಸಾಕ ಜಾಗ ಆಗ್ತದ ಅನ್ನಿಸ್ತದ್ರಿ" ಎಂದಳು. ಅದನ್ನೂ ಬರೆದುಕೊಂಡೆ.

ನನ್ನ ಮೊದಲ ಸುಧಾರಣೆ, ಎಲ್ಲರೂ ನಸುಕಿನಲ್ಲೇ ಒಟ್ಟಿಗೆ ಉಣ್ಣುವುದು. ಅದು ಒಂದೇ ದಿನಕ್ಕೆ ಮುಗಿಯಿತು. ಮಲ್ಲುವಿಗೆ ಎಮ್ಮೆಯ ಕೆಳಗಿನಿಂದ ಎದ್ದು ಬರಲು ಆಗಲಿಲ್ಲ. ಬೇಗ ಪೂಜೆ ಮುಗಿಸಿ ಎಂದು ಸುನಂದಾ ಕೇಳಿಕೊಂಡದ್ದಕ್ಕೆ ಅವ್ವ, "ಶಿವಗೂ ಟೈಮ್ ಟೇಬಲ್ ಹಚ್ಚೀರೇನು?" ಎಂದು ಕಣ್ಣು ತೆರೆಯದೆಯೇ ಕೇಳಿದಳಂತೆ. ಕೇಳಿದಳಂತೆ ಎಂದು ಯಾಕೆ ಹೇಳುತ್ತಿದ್ದೇನೆಂದರೆ, ಆ ಹೊತ್ತಿಗೆ ನಾನೇ ಇನ್ನೂ ಎದ್ದಿರಲಿಲ್ಲ. ಆ ಕಾರಣವನ್ನು ಹಾಳೆಯ ಮೂಲೆಯಲ್ಲಿ 'ಇತರೆ' ಎಂದು ಸಣ್ಣದಾಗಿ ಬರೆದೆ.

ಎರಡನೆಯದು ಖಡಕ್ ರೊಟ್ಟಿ. ಭಾನುವಾರ ಒಮ್ಮೆಗೇ ಬಡಿದು ಒಣಗಿಸಿ ಇಟ್ಟುಬಿಟ್ಟರೆ ವಾರವಿಡೀ ಯಾರು ಯಾವಾಗ ಬೇಕಾದರೂ ಮುರಿದು ತಿನ್ನಬಹುದು. ಇದಕ್ಕಿಂತ ಒಳ್ಳೆಯ ವಿನ್ಯಾಸ ಉಂಟೇ? ಅವ್ವ ಮುಖ ಸಿಂಡರಿಸಿದಳು. "ಖಡಕ್ ರೊಟ್ಟಿ ಊರಿಗೆ ಹೋಗೋರು ಗಂಟು ಕಟ್ಟಿಕೊಂಡು ಹೋಗೋದಪಾ. ಮನ್ಯಾಗ ಸೊಸಿ ಇದ್ದೂ ಅದನ್ನ ಕಡೀಬೇಕೇನು?" ಎಂದಳು. ಆದರೂ ಸೊಸೆಯ ಮುಖ ನೋಡಿ ಒಪ್ಪಿದಳು. ಸೋಮವಾರ ಸುನಂದಾ ಹೊತ್ತಿಗೆ ಸರಿಯಾಗಿ ಹೊರಟಳು. ಗಾಡಿಯ ಹಾಡು ಓಣಿಯ ಕೊನೆಯಲ್ಲಿ ಕೇಳಿಸಿದಾಗ ನಾನು ಗೋಡೆಯ ಹಾಳೆಗೆ ಕೈಮುಗಿಯುವುದೊಂದು ಬಾಕಿ.

ಅಷ್ಟರಲ್ಲಿ ಪಕ್ಕದ ಮನೆಯ ಕಮಲಾಬಾಯಿ ಮೊಸರಿನ ಹೆಪ್ಪು ಕೇಳಲು ಬಂದಳು. ಅವ್ವ ಕಟ್ಟೆಯ ಮೇಲೆ ಕುಳಿತು, ಖಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು, ಶೇಂಗಾ ಚಟ್ನಿಪುಡಿ ಹಚ್ಚಿ ತಿನ್ನುತ್ತಿದ್ದಳು. ಕಮಲಾಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯ ನಮ್ಮವ್ವಾ! ಹೊತ್ತು ಮೂಡೂದ್ರಾಗ ಖಡಕ್ ರೊಟ್ಟಿ!" ಎಂದವಳೇ ಹೆಪ್ಪನ್ನೂ ಮರೆತು ಹೊರಟುಹೋದಳು. ನಮ್ಮ ಕಡೆ ಮನೆಯಲ್ಲಿರುವ ಹಿರಿಯರ ತಾಟಿನಲ್ಲಿ ಬೆಳ್ಳಂಬೆಳಗ್ಗೆ ಖಡಕ್ ರೊಟ್ಟಿ ಕಂಡರೆ ಜಗಳ ನಡೆದಿದೆ ಎಂದೇ ಅರ್ಥ. ಸೊಸೆಯ ಕೈಗೆ ಸ್ಟೇರಿಂಗ್ ಬಂದ ಮೇಲೆ ಅತ್ತೆಗೆ ಬಿಸಿ ರೊಟ್ಟಿ ತಪ್ಪಿತು ಎಂಬ ಸುದ್ದಿ ಕಸದ ಗಾಡಿಗಿಂತ ಮೊದಲೇ ಊರೆಲ್ಲ ಸುತ್ತಿ ಬಂತು. ಸಂಜೆ ಇಬ್ಬರು ಹಿರಿಯರು ಬಂದು, ನನ್ನ ಕೈಯಿಂದ ಚಹಾ ಕುಡಿದು, "ಹೆಣ್ಣುಮಕ್ಕಳ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ, ಕೂಡಿ ಬಾಳ್ರಿ" ಎಂದು ಇಲ್ಲದ ಜಗಳವನ್ನು ಬಗೆಹರಿಸಿ ಹೋದರು.

ಮರುದಿನದಿಂದ ಪವಾಡ. ಅವ್ವನ ಪೂಜೆ ಮುಗಿಯುವುದರೊಳಗೆ ಓಣಿಯ ಮನೆಮನೆಯಿಂದ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಜತೆಗೆ ಒಬ್ಬರ ಮನೆಯ ಪುಂಡಿಪಲ್ಯ, ಇನ್ನೊಬ್ಬರ ಮನೆಯ ಬದನೆಕಾಯಿ. ಅವ್ವ ಪಾಪದ ಮುಖ ಮಾಡಿಕೊಂಡು ಎಲ್ಲವನ್ನೂ ಇಸಿದುಕೊಂಡಳು. ಮಲ್ಲು ಉಂಡ, ನಾನೂ ಉಂಡೆ. ಸುನಂದಾ ಹೊತ್ತಿಗೆ ಹೋಗುತ್ತಿದ್ದಳು. ನನ್ನ ಹಾಳೆಯ ಮೇಲೆ ಓಣಿಯಿಂದ ನಮ್ಮ ಮನೆಗೆ ಒಂದು ದಪ್ಪ ಹಸಿರು ಬಾಣ ಹಾಕಿ, ತರಬೇತಿಯ ತರುಣನಿಗೆ ಅದರ ಫೋಟೋ ಕಳಿಸಿದೆ. ಅವನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ.

ಆದರೆ ಬಂದ ಪಾತ್ರೆಯನ್ನು ಖಾಲಿ ವಾಪಸು ಕೊಡಬಾರದೆಂಬ ರಿವಾಜು ಯಾರ ಮನೆಯಲ್ಲಿಲ್ಲ? ಬೆಳಗಿನಿಂದ ಊರಿನ ಕಸ ಹೊತ್ತು, ಬೇರ್ಪಡಿಸಿ, ಗಾಡಿ ತೊಳೆದು ಮನೆಗೆ ಬಂದ ಸುನಂದಾ ಸಂಜೆ ಒಲೆಯ ಮುಂದೆ ಕೂತು, ಬಂದ ಪ್ರತಿ ಡಬ್ಬಿ, ಪ್ರತಿ ಬಟ್ಟೆಯನ್ನು ತುಂಬಲು ರೊಟ್ಟಿ ಬಡಿಯತೊಡಗಿದಳು. ಮೊದಲು ಒಂದು ಮನೆಗೆ ಬಡಿಯುತ್ತಿದ್ದವಳು ಈಗ ಇಡೀ ಓಣಿಗೆ ಬಡಿಯುತ್ತಿದ್ದಳು. ಬೆಳಗ್ಗೆ ಒತ್ತಿದ್ದು ಸಂಜೆಗೆ ಉಬ್ಬಿತ್ತು. ನಾನು ಅದನ್ನು ಗಮನಿಸಲಿಲ್ಲ, ಸಂಜೆ ಹೊತ್ತು ನಾನು ಗ್ರಂಥಾಲಯದಲ್ಲಿ ಸಮಾಜದ ಬಗ್ಗೆ ಯೋಚಿಸುತ್ತಿರುತ್ತೇನೆ. ವಾರ ಮುಗಿಯುವಷ್ಟರಲ್ಲಿ ಅವಳ ರಟ್ಟೆ ಬಾತು, ಒಂದು ಬೆಳಗ್ಗೆ ಎಚ್ಚರವೇ ಆಗಲಿಲ್ಲ. ಗಾಡಿ ಮತ್ತೆ ತಡವಾಯಿತು. ತಿಂಗಳು ಮುಗಿಯಲು ಒಂದೇ ದಿನ ಉಳಿದಿತ್ತು. ಮೇಡಂ ಈ ಸಲ ಬೈಯಲೂ ಇಲ್ಲ. "ನಾಳೆ ಒಂದ್ ದಿನ ನೋಡ್ತೇನವಾ" ಎಂದರಂತೆ, ಅಷ್ಟೇ.

ಮನೆಗೆ ಬಂದವಳು ಸೀದಾ ಗೋಡೆಯ ಮುಂದೆ ನಿಂತಳು. "ಏನ್ರಿ ಇದು? ಎಲ್ಲಾ ಗೆರಿ ನನ್ನ ಕಡೆನೇ ಬರ್ತಾವಲ್ಲ, ನನ್ನ ಕಡಿಂದ ಹೋಗೂದು ಒಂದರೇ ಅದೇನು? ಓಣಿ ಬರದೀರಿ, ಎಮ್ಮಿ ಬರದೀರಿ, ಶಿವನ್ನೂ ಬರದೀರಿ. ನೀವೆಲ್ಲಿ ಇದ್ದೀರಿ ಇದ್ರಾಗ?" ನಾನು ಮೂಲೆಯ 'ಇತರೆ'ಯನ್ನು ಬೆರಳಿನಿಂದ ತೋರಿಸಿದೆ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ನನಗ ಆ ಗಾಡಿ ಬೇಕ್ರಿ" ಎಂದಳು. "ಕಸದ್ದೇ ಇರ್ಲಿ. ಅದರಾಗ ಕುಂತಾಗ ನಾ ಯಾರ ಸೊಸಿನೂ ಅಲ್ಲ, ಯಾರ ಹೇಣತಿನೂ ಅಲ್ಲ. ಡ್ರೈವರ್ ಇರ್ತೇನಿ." ನಾನು 'ಇತರೆ'ಯ ಮೇಲಿಂದ ಬೆರಳು ತೆಗೆದೆ.

ಅವ್ವ ಕಟ್ಟೆಯಿಂದ ಎದ್ದು ಬಂದಳು. ಬೈಯುತ್ತಾಳೆ ಎಂದುಕೊಂಡೆ. "ನನ್ನ ಬಿಸಿ ರೊಟ್ಟಿ ಹಟ ನಿನಗ ತಿಳಿಯಂಗಿಲ್ಲ ಬೇ" ಎಂದು ಸೊಸೆಯ ಪಕ್ಕ ಕುಳಿತಳು. "ನಾ ಒಲಿ ಮುಂದ ಕುಂತಷ್ಟು ವರ್ಷ ಎಲ್ಲಾರಿಗೂ ಬಿಸೀದು ಹಾಕಿ, ಕಡೀಕ ಉಳಿದಿದ್ದು ಆರಿದ್ದೇ ತಿಂದೇನಿ. ಬಡಿಯೋರ ತಾಟಿಗೆ ಬಿಸಿ ರೊಟ್ಟಿ ಯಾರು ಹಾಕ್ತಾರ? ನೀ ಬಂದ ಮ್ಯಾಲೇ ನನ್ನ ತಾಟಿಗೆ ಬಿಸೀದು ಬಿತ್ತು. ಅದನ್ನ ಬಿಡಾಕ ಜೀವ ಒಲ್ಲೆ ಅಂತದ." ಸುನಂದಾ ಅತ್ತೆಯ ಕೈ ಹಿಡಿದುಕೊಂಡಳು. ಅವ್ವ ನನ್ನ ಕಡೆ ತಿರುಗಿ, "ಆದ್ರ ಬಿಸೀದು ಇಕೀನೇ ಹಾಕಬೇಕಂತ ಎಲ್ಲಿ ಬರದದ? ಇವಗೂ ಎರಡು ಕೈ ಅವಲ್ಲ! ಏ ಶರಣು, ನಾಳೆ ಕೋಳಿ ಕೂಗೂದ್ರಾಗ ಏಳು. ಎಸರು ಇಡು. ನಾ ಹೇಳಿಕೊಡ್ತೇನಿ. ಮಲ್ಲೂ, ನೀ ಒಲಿ ನೋಡ್ಕೋ" ಎಂದಳು. ಮೂಲೆಯಲ್ಲಿ ನಗುತ್ತಿದ್ದ ಮಲ್ಲುವಿನ ನಗು ಅಲ್ಲೇ ನಿಂತಿತು. ಇಷ್ಟು ದಿನ ಬಣ್ಣಬಣ್ಣದ ಪೆನ್ನಿನಿಂದ ನಾನು ಸುತ್ತಿ ಸುತ್ತಿ ಹುಡುಕಿದ್ದನ್ನು ಅವ್ವ ಕುಳಿತಲ್ಲೇ ಮುಗಿಸಿದ್ದಳು. ಅವಳ ಅತ್ತೆಯ ಕಾಲದ ಕಾನೂನನ್ನು ಅವಳೇ ತಿದ್ದಿದಳು ಎಂಬುದು ನನಗೆ ಈಗಲೂ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮರುದಿನ ಬೆಳಗ್ಗೆ ಸುನಂದಾ ಚಹಾ ಕುಡಿದು, ಕೀಲಿ ತೆಗೆದುಕೊಂಡು, ತಿರುಗಿ ನೋಡದೆ ಹೋದಳು. ನಾನು ಹಿಟ್ಟು ನಾದುವ ಪರಾತದ ಮುಂದೆ ಕುಳಿತೆ. ಜೋಳದ ಹಿಟ್ಟಿನಂಥ ಮೊಂಡ ಪದಾರ್ಥ ಇನ್ನೊಂದಿಲ್ಲ. ಗೋಧಿ ಹಿಟ್ಟು ಹೇಳಿದಂತೆ ಕೇಳುತ್ತದೆ, ಜೋಳದ್ದು ಹೇಳಿದ ಕೂಡಲೇ ಅಂಚಿನಲ್ಲಿ ಸೀಳುತ್ತದೆ. "ನಾದು, ಇನ್ನಾ ನಾದು. ಪುಸ್ತಕದ ಧೂಳು ಝಾಡಿಸಿದಂಗ ಅಲ್ಲ" ಎಂದು ಅವ್ವ ಮಣೆಯ ಮೇಲಿಂದ ಹುಕುಂ ಕೊಡುತ್ತಿದ್ದಳು. ಬಾಗಿಲಲ್ಲಿ ಕಮಲಾಬಾಯಿ ತನ್ನ ಸೈನ್ಯದೊಂದಿಗೆ ನಿಂತಿದ್ದಳು. ಒಬ್ಬಾಕೆ ನಕ್ಕಳು, ಇನ್ನೊಬ್ಬಾಕೆ "ನಮ್ಮ ಮನ್ಯಾವ್ರನ್ನೂ ನಾಳಿಗೆ ಕಳಸ್ಲೇನ್ರಿ ಕಲಿಯಾಕ?" ಎಂದು ಕೇಳಿದಳು. ಅದು ಚೇಷ್ಟೆಯೋ ಖರೆಯೋ ಎಂದು ಆಕೆಯ ದನಿಯಿಂದ ತಿಳಿಯಲಿಲ್ಲ. ಮೊದಲ ರೊಟ್ಟಿ ಹಂಚಿಗೆ ಹೋಗುವ ದಾರಿಯಲ್ಲೇ ಎರಡಾಯಿತು. ಎರಡನೆಯದು ಒಂದು ಮಗ್ಗುಲು ಕರಿದಾಗಿ ಇನ್ನೊಂದು ಮಗ್ಗುಲು ಬಿಳಿಯಾಗಿಯೇ ಉಳಿಯಿತು. ಮೂರನೆಯದು ಮಾತ್ರ ನಡುವೆ ಒಂದಿಷ್ಟು ಉಬ್ಬಿತು. ನಾನು ಅದನ್ನು ಅವ್ವನ ತಾಟಿಗೆ ಹಾಕಿದೆ. ಅವ್ವ ಅದನ್ನು ಮುರಿದು, ಉಗಿಯನ್ನು ಮುಖಕ್ಕೆ ತಂದುಕೊಂಡು, ಪೂರಾ ಉಂಡಳು.

ಹೊರಗೆ ಗಾಡಿಯ ಹಾಡು ಕೇಳಿಸಿತು. ನಮ್ಮ ಓಣಿಗೆ ಹೊತ್ತಿಗೆ ಸರಿಯಾಗಿ ಬಂದಿತ್ತು. ಓಣಿಯ ತುದಿಯಲ್ಲಿ ಪಿಡಿಓ ಮೇಡಂ ಸ್ಕೂಟಿ ನಿಲ್ಲಿಸಿಕೊಂಡು ನೋಡಿ, ಸುನಂದಾಳಿಗೆ ಕೈಬೀಸಿ, ಮುಂದಕ್ಕೆ ಹೋದರು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಕೆಟ್ಟುಹೋದ ರೊಟ್ಟಿಗಳನ್ನೆಲ್ಲ ಬಕೆಟ್ಟಿನಲ್ಲಿ ಹಾಕಿಕೊಂಡು, ಮೈತುಂಬ ಹಿಟ್ಟಾಗಿರುವುದನ್ನೂ ಮರೆತು ಗಾಡಿಯತ್ತ ಓಡಿದೆ. ಸುನಂದಾ ಕಿಟಕಿಯಿಂದ ಬಗ್ಗಿ ಬಕೆಟ್ಟಿನೊಳಗೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇದನ್ನ ನಾ ಒಯ್ಯಂಗಿಲ್ರಿ" ಎಂದಳು, ಓಣಿಗೆಲ್ಲ ಕೇಳುವ ಹಾಗೆ. "ತಿನ್ನೂ ಸಾಮಾನು ಕಸಕ್ಕ ಹಾಕಬ್ಯಾಡ್ರಿ ಅಂತ ಊರಿಗೆಲ್ಲಾ ಹೇಳ್ಕೋತ ತಿರಗಾಕತ್ತೇನಿ. ಮಾಡಿದವ್ರೇ ತಿನ್ನಬೇಕು."

"ನಿನ್ನ ಗಂಡ ಇದ್ದೇನಿ, ಸುನಂದಾ" ಎಂದು ಮೆಲ್ಲಗೆ ಹೇಳಿದೆ.

"ಡ್ಯೂಟಿ ಮ್ಯಾಲ ಇದ್ದೇನ್ರಿ" ಎಂದು ಗೇರ್ ಹಾಕಿದಳು.

ಕಮಲಾಬಾಯಿಯ ಸೈನ್ಯ ಸೆರಗು ಬಾಯಿಗೆ ಒತ್ತಿಕೊಂಡಿತು. ನಾನು ಬಕೆಟ್ಟು ಹಿಡಿದುಕೊಂಡು ಒಳಗೆ ಬಂದು, ಒಲೆಯ ಪಕ್ಕ ಕುಳಿತು, ರೊಟ್ಟಿಗಳನ್ನು ತಾಟಿಗೆ ಹಾಕಿಕೊಂಡು, ಕರಿದಾದ ಮಗ್ಗುಲು ಯಾವುದು ಎಂದು ನೋಡದೆ ತಿನ್ನತೊಡಗಿದೆ. ರೊಟ್ಟಿ ಪೂರಾ ಆರಿಹೋಗಿತ್ತು. ಅವ್ವ ಮಣೆಯ ಮೇಲಿಂದ ನನ್ನ ತಾಟಿನತ್ತ ಒಮ್ಮೆ ನೋಡಿ, "ಈಗ ತಿಳೀತೇನಪಾ?" ಎಂದಳು. ಬಾಯಿ ತುಂಬಿದ್ದರಿಂದ ತಲೆಯಾಡಿಸಿದೆ.